ಪರದೆಗೆ ಗೊತ್ತಾದ ಗುಟ್ಟು

ಮಾರ್ಚ್ 3, ಸೋಮವಾರ

ಇವತ್ತೂ ಅಕ್ಕನ ಪಕ್ಕದ ಕುರ್ಚಿ. ಆಂಬುಲೆನ್ಸ್ ಕಂಟ್ರೋಲ್ ರೂಂ, ಒಂಬತ್ತನೇ ಸೀಟು. ಅಕ್ಕ ಕರೆ ತೆಗೆದುಕೊಳ್ಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ನಮ್ಮ ಕಂಪನಿ ಇವರಿಗೆ ಹೊಸ ಪರದೆ ಮಾಡಿಕೊಡುತ್ತಿದೆ. ಎದುರಿಗೆ ಕೂತವರು ಯಾರು, ಬಂದ ಕರೆ ಎಂಥದ್ದು ಎಂದು ತಿಳಿದು ತಾನೇ ರೂಪ ಬದಲಿಸಿಕೊಳ್ಳುವ ಪರದೆ. ಅದಕ್ಕೆ ಬೇಕಾದ ಅರ್ಥದ ನಕ್ಷೆ ನನ್ನ ಪಾಲಿನ ಕೆಲಸ. ಆಫೀಸಿನಲ್ಲಿ ಮಾಡೆಲ್ ಅನ್ನುತ್ತೇವೆ. ಎದೆನೋವು ಎಂದರೆ ಹೃದಯ. ಹೃದಯ ಎಂದರೆ ಅವಸರ. ಅವಸರ ಎಂದರೆ ಬೇಡದ ಬಟನ್‌ಗಳೆಲ್ಲ ಮಾಯ, ಹತ್ತಿರದ ಗಾಡಿ ಕಣ್ಣೆದುರಿಗೆ. ಇಂಥ ಸಂಬಂಧ ಇನ್ನೂರು ಬರೆದಾಯಿತು. ಅರ್ಧಕ್ಕರ್ಧ ಅಕ್ಕನ ತಲೆಯಿಂದ ಬಂದದ್ದು.

"ಉಸಿರು ಕಟ್ತಿದೆ ಅಂತ ಕಿರುಚೋನಿಗೆ ಇನ್ನೂ ಉಸಿರಿದೆ ಅಂತ ಅರ್ಥ ಕಣೆ. ಸುಮ್ನಿರೋರಿಗೆ ಹೆದರ್ಕೋ."

ಯಾವ ಪುಸ್ತಕದಲ್ಲಿದೆ ಇದು? ಮಾಡೆಲ್‌ಗೆ ಹಾಕಿದೆ. ಮೌನ — ಅತಿ ಅವಸರ.

ಮಾರ್ಚ್ 11, ಮಂಗಳವಾರ

ಮೊದಲು ಹಳೆ ಪರದೆಯ ದೋಷ ಅಂದುಕೊಂಡೆ. ಬಾಣದ ಗುರುತು ಬಟನ್ ಹತ್ತಿರ ಬಂದು ನಡುಗುತ್ತದೆ, ಜಾರುತ್ತದೆ, ಮತ್ತೆ ಬರುತ್ತದೆ. ಆಮೇಲೆ ಕಂಡಿತು — ಮೌಸ್ ಹಿಡಿದ ಬಲಗೈ ಮಣಿಕಟ್ಟನ್ನು ಅಕ್ಕ ಎಡಗೈಯಿಂದ ಒತ್ತಿ ಹಿಡಿದಿದ್ದಾಳೆ. ಮಾತು ಮಾತ್ರ ತಣ್ಣಗೆ. "ಗಾಬರಿ ಬೇಡಮ್ಮ, ಬಾಗಿಲು ತೆಗೆದಿಡಿ, ಗಾಡಿ ಹೊರಟಿದೆ."

ಟೀ ಕುಡಿಯುವಾಗ ಕೇಳಿದೆ. ಲೋಟ ಕೆಳಗಿಟ್ಟಳು.

"ನರದ ಕಾಯಿಲೆಯಂತೆ. ಈಗ ಶುರು, ನಿಧಾನಕ್ಕೆ ಹೋಗುತ್ತೆ ಅಂದ್ರು ಡಾಕ್ಟರಮ್ಮ. ಮಾತ್ರೆ ತಗೋತಿದೀನಿ."

"ಭಾವನಿಗೆ?"

"ಹೇಳಿಲ್ಲ. ಗಡಿಯಾರ ರಿಪೇರಿ ಮಾಡೋ ಮನುಷ್ಯ, ದಿನಾ ನನ್ ಕೈ ನೋಡ್ಕೊಂಡು ಕೂರ್ತಾರೆ. ಯಾರಿಗೂ ಹೇಳ್ಬೇಡ ಪುಟ್ಟಿ. ಆಣೆ."

ಆಣೆ ಇಟ್ಟೆ. ಅಮ್ಮ ಹೋದಾಗ ನನಗೆ ಒಂಬತ್ತು. ಜಡೆ ಹಾಕಿದ್ದು, ಶಾಲೆಯ ಪ್ರಗತಿಪತ್ರಕ್ಕೆ ಅಮ್ಮನ ಜಾಗದಲ್ಲಿ ಸಹಿ ಮಾಡಿದ್ದು, ಎಲ್ಲ ಅದೇ ಬಲಗೈ.

ಮಾರ್ಚ್ 12, ಬುಧವಾರ

ಮಾಡೆಲ್‌ನಲ್ಲಿ 'ವ್ಯಕ್ತಿ' ಎಂಬುದರ ಕೆಳಗೆ ಒಂದು ಹೊಸ ಗುಣ ಸೇರಿಸಿದೆ: ಕೈ ನಡುಕ. ಮೌಸ್ ಓಡುವ ರೀತಿಯಿಂದ ಪರದೆಯೇ ಪತ್ತೆ ಹಚ್ಚುತ್ತದೆ. ನಡುಕ ಕಂಡರೆ ಬಟನ್ ದೊಡ್ಡದು. ಬಾಣ ಹತ್ತಿರ ಬಂದರೆ ಸಾಕು, ಬಟನ್ ತಾನೇ ಹಿಡಿದುಕೊಳ್ಳುತ್ತದೆ. ಎಲ್ಲರಿಗೂ ಅನ್ವಯ. ಅಕ್ಕನ ಹೆಸರು ಎಲ್ಲೂ ಇಲ್ಲ.

ಯಾವ ಮನುಷ್ಯರಿಗೂ ಹೇಳಲಿಲ್ಲ. ಪರದೆಗೆ ಹೇಳಿದೆ, ಅಷ್ಟೇ. ಆಣೆ ಮುರಿದ ಹಾಗಾಗಲಿಲ್ಲ... ಅಲ್ಲವೇ?

ಏಪ್ರಿಲ್ 2, ಬುಧವಾರ

ಹೊಸ ಪರದೆ ಶುರುವಾಗಿ ಮೂರನೇ ದಿನ. ಅಕ್ಕ ಮಣಿಕಟ್ಟು ಒತ್ತಿ ಹಿಡಿಯದೆ ಕೂತಿದ್ದಾಳೆ, ರಾಣಿಯ ಹಾಗೆ.

"ನಿನ್ ಪರದೆ ನಿಮ್ ಭಾವನಿಗಿಂತ ವಾಸಿ ಕಣೆ. ಮೂವತ್ತು ವರ್ಷ ಸಂಸಾರ ಮಾಡಿದ್ರೂ ಆ ಮನುಷ್ಯನಿಗೆ ನಂಗೇನು ಬೇಕು ಅಂತ ಗೊತ್ತಾಗ್ಲಿಲ್ಲ. ಇದಕ್ಕೆ ಮೂರೇ ದಿನ!"

ಹೇಗೆ ಗೊತ್ತಾಯಿತೆಂದು ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ಇಬ್ಬರೂ ನಕ್ಕೆವು.

ಬಾಸ್ ಕೂಡ ಖುಷಿ. ಪರದೆ ಪ್ರತಿ ಸಲ ಬದಲಾದಾಗ ಯಾಕೆ ಬದಲಾಯಿತು ಎಂದು ಕಾರಣ ಬರೆದಿಡುತ್ತದೆ. ಅದು ನನ್ನದೇ ಹಟ. ಕಾರಣ ಹೇಳದ ಯಂತ್ರವನ್ನು ಜನ ನಂಬುವುದಿಲ್ಲ ಎಂದು ವಾದ ಮಾಡಿ ಗೆದ್ದಿದ್ದೆ. ಮೀಟಿಂಗ್‌ನಲ್ಲಿ ಚಪ್ಪಾಳೆ.

ಮೇ 5, ಸೋಮವಾರ

ತಿಂಗಳ ಪರಿಶೀಲನೆ. ಕಂಟ್ರೋಲ್ ರೂಮಿನ ಮುಖ್ಯಸ್ಥರ ಕೋಣೆ, ಎ.ಸಿ. ತಣ್ಣಗೆ ಕೊರೆಯುತ್ತಿತ್ತು. ಅವರ ಕೈಯಲ್ಲಿ ನಮ್ಮ ಪರದೆ ಬರೆದಿಟ್ಟ ಪಟ್ಟಿ. ಕಾರಣಗಳ ಮೇಲೆ ಬೆರಳು ಓಡಿಸುತ್ತಾ ಬಂದರು. ಹೊಸಬರು. ಬೆಳಕು ಕಡಿಮೆ. ಭಾಷೆ. ಬೆರಳು ನಿಂತಿತು.

"ಕೈ ನಡುಕ. ಒಂಬತ್ತನೇ ಸೀಟು. ದಿನಕ್ಕೆ ನಲವತ್ತು ಸಲ. ಇದೇನು ಮೇಡಂ?"

ಬಾಸ್ ನನ್ನ ಮುಖ ನೋಡಿ, ತಾವೇ ಹೆಮ್ಮೆಯಿಂದ ವಿವರಿಸಿದರು — ಮೌಸ್, ಓಟ, ಪತ್ತೆ. ಪಾಪ, ಅವರಿಗೇನು ಗೊತ್ತು.

"ಅವರ ಕೆಲಸದಲ್ಲಿ ಒಂದು ತಪ್ಪೂ ಇಲ್ಲ ಸರ್," ಅಂದೆ.

"ಇಲ್ಲ ಅಂತ ನಂಗೂ ಗೊತ್ತು. ನಾನು ಇಲ್ಲಿಗೆ ಬಂದಾಗ ಕೆಲಸ ಕಲಿಸಿದವರೇ ಅವರು. ಆದ್ರೆ ಈಗ ಇದು ಕಾಗದದ ಮೇಲಿದೆ. ನಾಳೆ ಏನಾದ್ರೂ ಆದ್ರೆ, ಗೊತ್ತಿದ್ದೂ ಕೂರಿಸಿದ್ರು ಅಂತ ನನ್ ತಲೆಗೆ ಬರುತ್ತೆ. ನೋಡ್ದೇ ಇದ್ದಿದ್ರೆ ಚೆನ್ನಾಗಿತ್ತು. ನೋಡ್ಬಿಟ್ಟೆ."

ಕೆಟ್ಟವರಾಗಿದ್ದರೆ ಬೈದುಕೊಳ್ಳಬಹುದಿತ್ತು.

ಮೇ 7, ಬುಧವಾರ

ಅಕ್ಕನಿಗೆ ಆರ್ಡರ್ ಬಂತು. ಇನ್ನು ಮೇಲೆ ನೆಲಮಾಳಿಗೆಯ ರೆಕಾರ್ಡ್ ರೂಂ. ಹಳೆಯ ಕರೆಗಳ ಕಡತ ಜೋಡಿಸುವುದು. ಫೋನ್ ಮುಟ್ಟುವಂತಿಲ್ಲ.

ಸಂಜೆ ಫೋನ್ ಮಾಡಿದಳು. ಮನೆಯಿಂದಲ್ಲ, ಬಸ್ ಸ್ಟಾಪಿನಿಂದ.

"ಯಾರೋ ಹೇಳ್ಬಿಟ್ಟಿದ್ದಾರೆ ಪುಟ್ಟಿ. ನೀನು ಹೇಳಲ್ಲ. ಇನ್ಯಾರಿಗೆ ಗೊತ್ತಿತ್ತು? ಆ ಡಾಕ್ಟರಮ್ಮಂಗೆ ಮಾತ್ರ. ಅವಳೇ ಇರ್ಬೇಕು, ಅಲ್ವಾ?"

ಬಸ್ಸಿನ ಹಾರ್ನ್. ಉತ್ತರಕ್ಕೆ ಕಾಯುತ್ತಿದ್ದಾಳೆ.

"ಇರಬಹುದು," ಅಂದೆ.

ಮೇ 8, ಗುರುವಾರ

ಇರಬಹುದು. ಒಂದೇ ಮಾತು. ನಾಲಿಗೆಗೆ ಮೂಳೆ ಇಲ್ಲ ಎಂದು ಅಕ್ಕನೇ ಹೇಳುತ್ತಿದ್ದಳು.

ಇನ್ನೇನೂ ಬರೆಯಲಾರೆ.

ಜೂನ್ 9, ಸೋಮವಾರ

ಒಂದು ತಿಂಗಳ ಮೇಲಾಯಿತು. ಕಂಟ್ರೋಲ್ ರೂಮಿಗೆ ಹೋಗಿದ್ದೆ, ಏನೋ ರಿಪೇರಿಗೆ. ಯಾರೂ ಮಾತಾಡಿಸಲಿಲ್ಲ. ಪರದೆ ಪಟ್ಟಿ ಬರೆದಿಡುತ್ತದೆಂದು ಇಲ್ಲಿಯವರಿಗೆ ಹೇಗೋ ತಿಳಿದಿದೆ, ನೆಲಮಾಳಿಗೆಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಐದನೇ ಸೀಟಿನವರು ಮೌಸನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮಗುವಿನ ಕರೆ ಬಂದರೆ ಗಂಟಲು ಕಟ್ಟಿಕೊಳ್ಳುವ ಹದಿನಾಲ್ಕನೇ ಸೀಟಿನವಳು ಈಗ ಕಲ್ಲಿನ ಹಾಗೆ ಮಾತಾಡುತ್ತಾಳೆ. ಕಣ್ಣು ಮಂಜಾದವರು ಪರದೆಯಿಂದ ದೂರ ಕೂತು, ಕಾಣುತ್ತಿದೆ ಎಂಬಂತೆ ನಟಿಸುತ್ತಾರೆ. ಪರದೆ ಇವರನ್ನು ನೋಡಿ ಬದಲಾಗಲೆಂದು ಮಾಡಿದ್ದೆ. ಇವರು ಪರದೆಯನ್ನು ನೋಡಿ ಬದಲಾಗಿದ್ದಾರೆ.

ಬಾಸ್‌ಗೆ ಹೇಳಿದೆ. "ನೋಡಿ, ಅಂಕಿ ಎಷ್ಟು ಸುಧಾರಿಸಿದೆ!" ಅಂದರು. ನಡುಕ: ಸೊನ್ನೆ.

ಜೂನ್ 20, ಶುಕ್ರವಾರ

ಭಾವ ಆಫೀಸಿಗೇ ಬಂದುಬಿಟ್ಟರು. ಅಂಗಡಿ ಬಾಗಿಲು ಹಾಕಿಕೊಂಡು ಬಂದದ್ದು ನಾನು ಕಂಡ ಹಾಗೆ ಇದೇ ಮೊದಲು. ರಿಸೆಪ್ಷನ್ ಸೋಫಾದ ತುದಿಯಲ್ಲಿ ಕೂತಿದ್ದರು.

"ನಿಮ್ ಅಕ್ಕ ಮಾತ್ರೆ ಬಿಟ್ಬಿಟ್ಟಿದ್ದಾಳಮ್ಮ. ಡಾಕ್ಟರಮ್ಮಂಗೆ ಫೋನ್ನಲ್ಲಿ ಬಾಯಿಗೆ ಬಂದ ಹಾಗೆ ಬೈದಿದ್ದಾಳೆ. ಆ ಮೋಸಗಾತಿ ಕೊಟ್ಟ ಮಾತ್ರೆ ನುಂಗಲ್ಲ ಅಂತಾಳೆ. ನಿನ್ನೆ ಮೆಟ್ಟಿಲ ಮೇಲೆ ಬಿದ್ದಳು. ಹಲ್ಲು ಒಂದು ಹೋಯ್ತು."

ಭಾವನಿಗೆ ಕಾಯಿಲೆ ತಿಳಿದದ್ದೂ ಅವಳು ಬಿದ್ದ ಮೇಲೆಯೇ.

"ನೀನು ಹೇಳಿದ್ರೆ ಕೇಳ್ತಾಳೆ," ಅಂದರು.

ಜೂನ್ 21, ಶನಿವಾರ

ಹೋದೆ. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ತುಟಿ ಊದಿತ್ತು. ನಿಂತುಕೊಂಡೇ ಹೇಳಿದೆ, ಕೂತರೆ ಮಾತು ಬರುವುದಿಲ್ಲವೆಂದು. ಮಾರ್ಚ್ ಹನ್ನೆರಡರಿಂದ ಹಿಡಿದು ಎಲ್ಲ. ಬಸ್ ಸ್ಟಾಪಿನ ಫೋನಿಗೆ 'ಇರಬಹುದು' ಅಂದದ್ದೂ.

ಅಳುತ್ತಾಳೆ ಅಂದುಕೊಂಡಿದ್ದೆ. ಹೊಡೆದರೂ ಆಗುತ್ತಿತ್ತು. ತಟ್ಟೆಯೊಂದನ್ನು ಒರೆಸಿ, ಮತ್ತೆ ಅದನ್ನೇ ಒರೆಸಿದಳು.

"ಅದ್ರಲ್ಲಿ ನನ್ ಬಗ್ಗೆ ಇನ್ನೇನು ಬರ್ದಿತ್ತು?"

"ಏನಿಲ್ಲ ಅಕ್ಕ. ಕೈ ನಡುಕ, ಅಷ್ಟೇ."

"ಅಷ್ಟೇನಾ?" ಮುಖ ಎತ್ತಲಿಲ್ಲ. "ಇಪ್ಪತ್ತೆರಡು ವರ್ಷ ಕೂತಿದ್ದೆ ಕಣೆ ಆ ಕುರ್ಚಿ ಮೇಲೆ."

ಉಂಡುಹೋಗು ಅನ್ನಲಿಲ್ಲ. ಇದುವರೆಗೆ ಒಂದು ಸಲವೂ ಹಾಗೆ ಕಳಿಸಿದವಳಲ್ಲ.

ಜೂನ್ 23, ಸೋಮವಾರ

ಆ ಗುಣ ಅಳಿಸಲು ಹೋದೆ. ಅಧಿಕಾರ ಇಲ್ಲ ಎಂದಿತು ನನ್ನದೇ ಮಾಡೆಲ್. ಈಗ ಅದು ಗ್ರಾಹಕರ ಆಸ್ತಿ. ಬಾಸ್ ಹೇಳಿದರು — ಇನ್ನೆರಡು ಕಡೆಯವರು ಅದನ್ನೇ ಬೇಕೆಂದಿದ್ದಾರಂತೆ. ಮುಖ್ಯವಾಗಿ ನಡುಕದ ಪತ್ತೆ.

ರಾಜೀನಾಮೆ ಬರೆದೆ. ಓದಿ, "ಯೋಚನೆ ಮಾಡಿ," ಅಂದು ಡ್ರಾಯರ್‌ಗೆ ಹಾಕಿಕೊಂಡರು. ಕಾರಣ ಏನೆಂದು ಕೇಳಲೇ ಇಲ್ಲ.

ಜುಲೈ 9, ಬುಧವಾರ

ಅಕ್ಕ ಡಾಕ್ಟರ ಹತ್ತಿರ ಹೋಗಲು ಒಪ್ಪಿದಳು. ಭಾವನಿಗೆ ಜ್ವರ, ಜೊತೆಗೆ ನಾನು. ಆಟೋದಲ್ಲಿ ಮಧ್ಯೆ ಬ್ಯಾಗ್ ಇಟ್ಟುಕೊಂಡು ಕೂತಳು. ಕೈ ಮೊದಲಿಗಿಂತ ಜಾಸ್ತಿ ಆಡುತ್ತದೆ. ಹಿಡಿದುಕೊಳ್ಳುವ ಧೈರ್ಯ ಬರಲಿಲ್ಲ.

ಒಳಗೆ ಹೋದವಳೇ ಕೈ ಮುಗಿದಳು. "ತಪ್ಪಾಯ್ತಮ್ಮ. ನಿಮ್ ಮೇಲೆ ಸುಮ್ನೆ ಅನುಮಾನ ಪಟ್ಟೆ."

ಡಾಕ್ಟರಮ್ಮ ದೊಡ್ಡ ಮನಸ್ಸಿನವರು. ನಕ್ಕು ಕುರ್ಚಿ ತೋರಿಸಿದರು. ಎರಡು ತಿಂಗಳು ಮಾತ್ರೆ ತಪ್ಪಿದ್ದಕ್ಕೆ ಬೈದರು, ಬೆರಳು ಹಿಡಿದು ನೋಡಿದರು, ಚೀಟಿ ಬರೆಯುತ್ತಾ ನನ್ನ ಕಡೆ ತಿರುಗಿದರು.

"ಇವರು ನಿಮಗೇನಾಗ್ಬೇಕು?"

ಅಕ್ಕ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಹೊಸಬರನ್ನು ನೋಡುವ ಹಾಗೆ.

"ಇವರಾ? ಕಂಪ್ಯೂಟರ್ ಕಂಪನಿಯವರು," ಅಂದಳು.

ಹೌದೆಂದು ತಲೆ ಆಡಿಸಿದೆ. ಚೀಟಿ ತೆಗೆದುಕೊಂಡು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತೆ. ಅಂಗಡಿಯವನು ಪೇಷಂಟ್ ಹೆಸರು ಕೇಳಿದ. ಹೇಳಿದೆ. ಆಮೇಲೆ, ನೀವು ಅವರ... ಎಂದು ಕೇಳುತ್ತಾ ಪೆನ್ನು ಎತ್ತಿಕೊಂಡ. ನಾನು, "ಕಂಪ್ಯೂಟರ್ ಕಂಪನಿಯವಳು," ಅಂದೆ.