ಹಾಲವ್ವನಿಗೆ ಕಲಿಸಿದ ಸಾಕ್ಷಿ

ಜತ್ತ, ೧೨ ಏಪ್ರಿಲ್ ೧೯೫೪. ಮುಂಜಾನೆ

ಮತ್ತೆ ಅದೇ ಕೆಲಸ. ವಕೀಲರ ಖೋಲಿ ಕಸ ಹೊಡೆದದ್ದು, ದೌತಿಗೆ ಮಸಿ ತುಂಬಿದ್ದು, ಪಕ್ಷಗಾರರಿಗೆ ಚಾಪೆ ಹಾಸಿದ್ದು. ಎವಿಡನ್ಸ್ ಆ್ಯಕ್ಟಿನಲ್ಲಿ ಇಡೀ ಕಾಲೇಜಿಗೇ ಮೊದಲಿಗನಾದ ಮಹಾಶಯನ ಪಟ್ಟಾಭಿಷೇಕ ಹೀಗೆ ನಡೆದಿದೆ. ಕೊಲ್ಲಾಪುರದ ಗೆಳೆಯರು ರಜೆಗೆ ಮಹಾಬಳೇಶ್ವರ ಹತ್ತಿದರು. ನಾನು ಸೋಮನಿಂಗಪ್ಪ ವಕೀಲರ ಹೊಸ್ತಿಲು ಹತ್ತಿದೆ. ಕಾಲೇಜು ಕೇಳಿದ್ದಲ್ಲ — ಅಪ್ಪನ ಅಪ್ಪಣೆ. ನಾಟಕ ಕಂಪನಿಯಲ್ಲಿ ಮೀಸೆ ಹಣ್ಣಾಗುವ ತನಕ ರಾಜನ ಪಾತ್ರ ಮಾಡಿದವರು. ಮಾತು ಬಾಯಿಪಾಠವಾದರೆ ನಟನಾಗುವುದಿಲ್ಲ, ದೀಪದ ಮುಂದೆ ನಿಂತು ಬೆವರಬೇಕು, ವಕೀಲಿಯೂ ಹಾಗೇ ಎಂದರು. ಆ ಕಂಠದೆದುರು ಯಾರು ಎದುರಾಡಿಯಾರು?

ನನ್ನದೂ ಅದೇ ಕಂಠ. ನಿನ್ನೆ ಪಕ್ಷಗಾರನೊಬ್ಬನ ಹೆಸರು ಕೂಗಿದೆ, ಹೊರಗೆ ಕಟ್ಟಿದ ಎತ್ತು ಹಗ್ಗ ಹರಿದುಕೊಂಡು ಓಡಿತು. ವಕೀಲರು ಕನ್ನಡಕದ ಮೇಲಿಂದ ನೋಡಿದರು.

“ತಮ್ಮಾ, ಇದು ಖೋಲಿ ಐತಿ. ಥೇಟರ ಅಲ್ಲ.”

೧೬ ಏಪ್ರಿಲ್

ಮುಚ್ಚಂಡಿಯ ಹಾಲವ್ವ ಬಂದಿದ್ದಳು. ಗಂಡನಿಲ್ಲ. ಮೈದುನ ರೇವಪ್ಪನೊಂದಿಗೆ ಪಾಲಿನ ಬಾವಿ, ಎತ್ತು ಹೂಡಿ ನೀರೆತ್ತುವಂಥದು. ವಾರದಲ್ಲಿ ಮೂರು ದಿನ ಇವಳ ಪಾಳಿ. ಗಂಡ ಸತ್ತ ಮೇಲೆ ರೇವಪ್ಪ ಅಂಥ ಪಾಳಿಯೇ ಇರಲಿಲ್ಲ ಎನ್ನುತ್ತಾನೆ. ಇವಳ ಎತ್ತು ಬಾವಿಗೆ ಬರದಂತೆ ಜಾಲಿ ಮುಳ್ಳು ಬಡಿದಿದ್ದಾನೆ. ಬದನೆ ತೋಟ ಬಾಡುತ್ತಿದೆ.

ಬರುವ ಶುಕ್ರವಾರ ಇವಳ ಸಾಕ್ಷಿ. ಮರುದಿನದಿಂದ ಕೋರ್ಟಿಗೆ ಬೇಸಿಗೆ ರಜೆ. ಸಾಕ್ಷಿ ಗಟ್ಟಿಯಾಗಿ ನಿಂತರೆ ಅಂದೇ ನೀರಿನ ಹುಕುಂ ಕೇಳೋಣ, ಬದನೆ ಉಳಿದೀತು ಎಂದರು ವಕೀಲರು. ತಪ್ಪಿದರೆ ಜೂನ್ ತಿಂಗಳು. ಅಷ್ಟು ಹೇಳಿ ಸಾಂಗಲಿಯ ಬಸ್ಸಿಗೆ ನಡೆದರು. ಅವಳ ಮಾತು ಬರೆದಿಡುವ ಕೆಲಸ ನನಗೆ.

ಬರೆದಿಡುವುದೆಂದರೆ... ಹಾಲವ್ವನ ಮಾತಿಗೆ ತಲೆಯಿಲ್ಲ, ಬಾಲವಿಲ್ಲ. ಬಾವಿಯಿಂದ ಹೊರಟು ಎಮ್ಮೆಗೆ ಹೋಗುತ್ತದೆ, ಎಮ್ಮೆಯಿಂದ ಮೈದುನನ ಮದುವೆಗೆ. ರಂಗವೇರುವ ಮಾತೇ ಇದು? ಎಮ್ಮೆ ತೆಗೆದೆ. ಮದುವೆ ತೆಗೆದೆ. ಮೂರು ಪ್ರವೇಶ ಕಟ್ಟಿಕೊಟ್ಟೆ: ಬಾವಿ ತೋಡಿದ್ದು, ಪಾಳಿ ನಡೆದದ್ದು, ಮುಳ್ಳು ಬಿದ್ದದ್ದು. “ಅಂದು ಸೋಮವಾರ. ಸೂರ್ಯ ನೆತ್ತಿಗೇರಿದ್ದ” ಎನ್ನುವಾಗ ಬಲಗೈ ಮೇಲೆ. ಅವಳಿಗೆ ಖುಷಿಯೋ ಖುಷಿ.

“ಹಿಂಗ ಹೇಳಿದ್ರ ಸಾಹೇಬ್ರು ನೀರ ಕೊಡ್ತಾರೇನೊ ತಮ್ಮಾ?”

“ಕೊಡದ ಎಲ್ಲಿ ಹೋಗ್ತಾರ ಯಕ್ಕಾ,” ಎಂದೆ.

೨೨ ಏಪ್ರಿಲ್

ದಿನಾ ತಾಲೀಮು. ಇವತ್ತು ಎಲ್ಲಿಯೂ ತಡವರಿಸಲಿಲ್ಲ. ಅಪ್ಪ ನೋಡಿದ್ದರೆ ಕಂಪನಿಗೆ ಸೇರಿಸಿಕೊಳ್ಳುತ್ತಿದ್ದರು. ವಕೀಲರು ಇಂದು ರಾತ್ರಿ ಬರುತ್ತಾರೆ. ಹೇಳುವುದಿಲ್ಲ. ನಾಳೆ ನೋಡಲಿ!

೨೩ ಏಪ್ರಿಲ್. ಸಂಜೆ

ಬರೆಯಲು ಮನಸ್ಸಿಲ್ಲ. ಆದರೂ.

ಹಾಲವ್ವ ಕಟಕಟೆ ಹತ್ತಿದಳು. ವಕೀಲರು ಕೇಳಿದ್ದು ಒಂದು ಪ್ರಶ್ನೆ. ಅವಳು ಮೂರೂ ಪ್ರವೇಶ ಆಡಿ ಮುಗಿಸಿದಳು. ಅಕ್ಷರ ಜಾರಲಿಲ್ಲ. ಕೈ ಏಳಬೇಕಾದಲ್ಲಿ ಎದ್ದಿತು. ನನ್ನ ಎದೆಯೊಳಗೆ ನಗಾರಿ. ವಕೀಲರು ಮಾತ್ರ ನಿಧಾನವಾಗಿ ನನ್ನತ್ತ ತಿರುಗಿದರು.

ಎದುರಿನ ವಕೀಲರು ಎದ್ದರು. ಮಿರಜದವರು, ಮೆತ್ತಗಿನ ದನಿ. ಮುಳ್ಳು ಬಡಿದ ದಿನದ್ದು ಇನ್ನೊಮ್ಮೆ ಹೇಳು ಎಂದರು. ಹೇಳಿದಳು. ಅದೇ ಮಾತು, ಅದೇ ಕೈ. ಜನ ನಕ್ಕರು. ಮುಳ್ಳು ಹೊತ್ತು ತಂದವರು ಯಾರು ಯಾರು ಎಂದು ಕೇಳಿದರು. ಅದು ನಾನು ಬರೆಯದ ಮಾತು. ಹಾಲವ್ವ ನಿಂತುಬಿಟ್ಟಳು. ಆಮೇಲೆ ಮತ್ತೆ ಮೊದಲಿನಿಂದ — “ಅಂದು ಸೋಮವಾರ...”

“ಇದನ್ನೆಲ್ಲಾ ಯಾರ ಕಲಿಸ್ಯಾರವಾ ನಿನಗ?” ಎಂದರು ಮಿರಜದ ವಕೀಲರು.

“ಅಲ್ಲಿ ಕುಂತಾನಲ್ರಿ, ಆ ತಮ್ಮ. ಭಾಳ ಚಲೋ ಕಲಿಸ್ತಾನ್ರಿ.”

ನ್ಯಾಯಾಧೀಶರು ಮರಾಠಿಯವರು, ಆದರೆ ವಿಜಾಪುರದಲ್ಲಿ ಇದ್ದು ಬಂದವರು. ಕನ್ನಡ ತಿಳಿಯುತ್ತದೆ. ಲೇಖಣಿ ಕೆಳಗಿಟ್ಟರು. ಕಲಿಸಿದ ಸಾಕ್ಷಿಯ ಮೇಲೆ ಇಂದು ಹುಕುಂ ಕೊಡಲಾರೆ, ರಜೆಯ ನಂತರ ಈಕೆಯನ್ನು ನಾನೇ ಕೇಳುತ್ತೇನೆ ಎಂದರು. ತಾರೀಖು ಜೂನ್ ಹದಿನಾಲ್ಕು.

ಹಾಲವ್ವ ಹೊರಗೆ ಬಂದು ಕೇಳಿದಳು, ನೀರು ಯಾವಾಗ ಬಿಡುತ್ತಾರೆ ಎಂದು. ನೆಲ ನೋಡುತ್ತ ‘ಜೂನ್’ ಎಂದೆ.

೨೪ ಏಪ್ರಿಲ್

ಬೈಗುಳಕ್ಕೆ ಸಿದ್ಧನಾಗಿ ಹೋದೆ. ವಕೀಲರು ಚಹಾ ತರಿಸಿದರು. ಅದು ಬೈಗುಳಕ್ಕಿಂತ ಭಾರ.

ಉತ್ತರವನ್ನು ಸಾಕ್ಷಿಯ ಬಾಯಿಗಿಡುವ ಪ್ರಶ್ನೆ ಕೇಳಬಾರದು — ಕಾಯ್ದೆಯ ಆ ಕಲಮು ನಿದ್ದೆಯಲ್ಲೂ ಒದರಬಲ್ಲೆ. ಪರೀಕ್ಷೆಯಲ್ಲಿ ಬರೆದು ನಂಬರು ತಗೊಂಡಿದ್ದೇನೆ. ಅದು ಕಟಕಟೆಯ ಮಾತೆಂದೇ ತಿಳಿದಿದ್ದೆ. ವಕೀಲರ ಚಾಪೆಯ ಮೇಲೆ ಕೂತವಳಿಗೂ ಅದೇ ಧರ್ಮ ಎಂದು ಯಾವ ಪ್ರೊಫೆಸರೂ ಹೇಳಿರಲಿಲ್ಲ. ಹೇಳಿದ್ದರೂ ಕಿವಿಗೆ ಬೀಳುತ್ತಿತ್ತೋ ಇಲ್ಲವೋ. ಊರಿಗೆ ಹೋಗಿಬಿಡುತ್ತೇನೆ ಎಂದೆ.

“ಊರಿಗಿ ಯಾಕ? ಮುಚ್ಚಂಡಿಗಿ ಹೋಗು,” ಎಂದರು. “ಕಾಯ್ದೆ ಬರ್ತೈತಿ ನಿನಗ. ಮಂದಿ ಬರೂದಿಲ್ಲ. ಆ ಬಾವಿ ಕಟ್ಟಿ ಮ್ಯಾಲ ಕುಂದ್ರು. ಆಕಿ ಹೇಳೂದು ಕೇಳು. ಬಾಯಿ ಮಾತ್ರ ತಗೀಬ್ಯಾಡ.”

ಮುಚ್ಚಂಡಿ, ೧೯ ಮೇ

ಬದನೆ ಹೋಯಿತು. ಒಂದೇ ದಿನ ಹೋದದ್ದಲ್ಲ. ಮೊದಲು ಹೂ, ಆಮೇಲೆ ಎಲೆ. ಕೊಡದಿಂದ ಹೊತ್ತು ಹಾಕಿದೆವು, ಊರ ಬಾವಿಯಿಂದ. ಎಷ್ಟಾದೀತು. ಇವತ್ತು ಹಾಲವ್ವ ಗಿಡ ಕಿತ್ತು ಎಮ್ಮೆಯ ಮುಂದೆ ಹಾಕಿದಳು. ಎಮ್ಮೆ ಮೂಸಿ ಮುಖ ತಿರುವಿತು.

“ನಿನ್ನ ನಾಟಕ ಚಲೋನ ಇತ್ತೊ ತಮ್ಮಾ,” ಎಂದಳು. “ಗಿಡಾ ನೋಡಾಕ ಬರ್ಲಿಲ್ಲ, ಅಷ್ಟ.”

ಆಮೇಲೆ ರೊಟ್ಟಿ ಕೊಟ್ಟಳು. ತಿಂದೆ.

ಕೇಳುತ್ತಿದ್ದೇನೆ. ದಿನಗಟ್ಟಲೆ. ಮೈದುನನ ಮದುವೆಯ ಕಥೆಯನ್ನು ಈಗ ಕಡೆತನಕ ಕೇಳಿದೆ. ಹಂದರದಲ್ಲೇ ಹಿರಿಯರು ಕೂತು ಪಾಳಿ ಹಂಚಿದ್ದರಂತೆ. ಒಪ್ಪಿದೆನೆಂದು ರೇವಪ್ಪ ಬಾಸಿಂಗ ಕಟ್ಟಿಕೊಂಡೇ ಅಣ್ಣನ ಕೈಗೆ ಅಡಿಕೆ ಇಟ್ಟಿದ್ದನಂತೆ. ಮುಳ್ಳು ಬಿದ್ದ ದಿನ ಎಮ್ಮೆ ಈದಿತ್ತು. ಗಿಣ್ಣ ಕೊಡಲು ನೆರೆಮನೆಯ ದಾವಲಬಿಯನ್ನು ಕರೆದಿದ್ದಳು. ಮುಳ್ಳಿನ ಹೊರೆ ಇಬ್ಬರೂ ನೋಡಿದರು.

ಎಮ್ಮೆ ತೆಗೆದೆ. ಮದುವೆ ತೆಗೆದೆ. ಸಾಕ್ಷಿಯನ್ನೇ ತೆಗೆದೆ. ಸೂರ್ಯನನ್ನು ನೆತ್ತಿಗೇರಿಸಿದೆ.

ಜತ್ತ, ೧೪ ಜೂನ್

ಪಾಳಿ ಗೊತ್ತುಮಾಡಿದ್ದು ಯಾರು ಎಂದು ನ್ಯಾಯಾಧೀಶರು ಕೇಳಿದರು. ಹಾಲವ್ವ ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ಜನ ನಕ್ಕಾರೆಂಬ ಅಂಜಿಕೆ. ಕಣ್ಣು ನನ್ನನ್ನು ಹುಡುಕಿತು.

ಆ ಕಣ್ಣು ನನಗೆ ಗೊತ್ತು. ಪರದೆಯ ಹಿಂದೆ ಬೆಳೆದವನು ನಾನು. ಮಾತು ಮರೆತ ನಟ ಪಕ್ಕಕ್ಕೆ ನೋಡುವ ರೀತಿ ಅದು. ನೋಡಿದಾಗ ಮಾತು ಕೊಟ್ಟೇ ಅಭ್ಯಾಸ. ತುಟಿ ಆಗಲೇ ಅಲುಗಿತ್ತು — ಮದುವೆ, ಹಂದರ.

ಎದ್ದೆ. ಸಾಲು ದಾಟಿ ಹೊರಗೆ ನಡೆದೆ. ಬೇವಿನ ಗಿಡದ ಕೆಳಗೆ ನಿಂತೆ. ಕಿಟಕಿ ತೆರೆದಿತ್ತು.

ಮೊದಲು ಏನೂ ಇಲ್ಲ. ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ನೂರು ಸಲ ಒಳಗೆ ಓಡಿ ಬಂದೆ, ಮನಸ್ಸಿನಲ್ಲೇ. ಆಮೇಲೆ ಅವಳ ದನಿ. ಹಂದರದಿಂದ ಶುರುವಾಯಿತು, ಅಡುಗೆಯವನ ಹತ್ತಿರ ಹೋಯಿತು, ಬೀಗರ ಜಗಳಕ್ಕೆ ಹೋಯಿತು, ತಿರುಗಿ ಅಡಿಕೆಗೆ ಬಂತು. ಎದುರಿನ ವಕೀಲರು ಎಮ್ಮೆ ಈದ ದಿನದ ಬಗ್ಗೆ ಕೆದಕಿ ಕೆದಕಿ ಕೇಳಿದರು. ಆಗ ಹಾಲವ್ವ ರೇಗಿದಳು.

“ನನ್ನ ಎಮ್ಮಿ ಯಾವಾಗ ಈದೈತಿ ಅನ್ನೂದು ನನಗಿಂತ ನಿಮಗ ಹೆಚ್ಚ ಗೊತ್ತೇನ್ರಿ?”

ಜನ ನಕ್ಕರು. ಈ ನಗೆ ಬೇರೆ.

ಹುಕುಂ ಸಿಕ್ಕಿತು. ದಾವೆ ಮುಗಿಯುವ ತನಕ ಪಾಳಿ ಹಿಂದಿನಂತೆಯೇ, ಮುಳ್ಳು ತೆಗೆಯಬೇಕು. ವಕೀಲರು ಬೇವಿನ ತನಕ ಬಂದು, ನಶ್ಯ ಏರಿಸಿ, ಹೊರಗೆ ಹೋಗಬೇಕೆನ್ನುವುದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು. ಉತ್ತರಕ್ಕೆ ನಿಲ್ಲಲಿಲ್ಲ.

ಮುಚ್ಚಂಡಿ, ೧೭ ಜೂನ್

ಸೋಮವಾರ ಕಾಲೇಜು. ಮುಂದಿನ ರಜೆಗೂ ಬರುತ್ತೇನೆ ಎಂದು ವಕೀಲರಿಗೆ ಹೇಳಿ ಬಂದೆ. ಅವರು ಬೇಡ ಎನ್ನಲಿಲ್ಲ.

ಇಂದು ಹಾಲವ್ವನ ಪಾಳಿ. ಮಳೆಯಿಲ್ಲ. ಬದನೆ ಕಿತ್ತ ನೆಲದಲ್ಲಿ ಮೆಣಸಿನ ಸಸಿ ಹಾಕಿದ್ದಾಳೆ. ರೇವಪ್ಪ ಬದುವಿನ ಮೇಲೆ ಕೂತು ನೋಡುತ್ತಿದ್ದ. ಎತ್ತು ಹೊಡೆದವಳು ಅವಳು, ಸಲಿಕೆ ಹಿಡಿದು ನೀರು ತಿರುವಿದವನು ನಾನು. ಬಲಗೈ ತುಂಬ ಗುಳ್ಳೆ. ಕೈಯಲ್ಲಿ ಲೇಖಣಿ ನಿಲ್ಲುತ್ತಿಲ್ಲ.

ಸತ್ತ ಬದನೆಗಾಗಿ ಅವಳ ಕ್ಷಮೆ ಕೇಳಬೇಕಿತ್ತು. ಮಾತು ಸಿದ್ಧ ಮಾಡಿಕೊಂಡಿದ್ದೆ, ದೊಡ್ಡ ಮಾತು. ಎತ್ತು ನಿಲ್ಲಿಸಿ ಅವಳು ನೀರು ಕುಡಿಯುವಾಗ ಶುರುಮಾಡಿದೆ.

“ಮೊದ್ಲ ಈ ಮಡಿ ತುಂಬ್ಲಿ,” ಎಂದಳು.

ತುಂಬಿತು. ಮುಂದಿನದನ್ನು ತೋರಿಸಿದಳು. ಅದೂ ತುಂಬಿತು. ಕಡೆಯ ಮಡಿಗೆ ನೀರು ಮುಟ್ಟಿದಾಗ ಅವಳೇ ನನ್ನ ಹತ್ತಿರ ಬಂದು, “ಈಗ ಹೇಳೊ ತಮ್ಮಾ,” ಎಂದಳು. ಆ ದೊಡ್ಡ ಮಾತು ಬಿಟ್ಟು, “ತಪ್ಪಾತು ಯಕ್ಕಾ,” ಎಂದಷ್ಟೇ ಹೇಳಿದೆ.