ಗೆದ್ದವನು ಬಿಟ್ಟುಬಂದ ಗರಡಿ

ರಾಯದುರ್ಗ, ೧೯೩೬

ಅಪ್ಪಾ,

ಕುಸ್ತಿಯಲ್ಲಿ ನೀವು ಎತ್ತಿಹಾಕಿದ ಮೂಡಲಗಿರಿಯಪ್ಪ ಸತ್ತೇಹೋದನೆಂದು ಹೆದರಿ, ತಾತನ ಕಾಲದ ಗರಡಿ ಬಿಟ್ಟು ಮಡಕಶಿರಾದಿಂದ ಇಲ್ಲಿಗೆ ಓಡಿಬಂದಿರಂತೆ. ನೀವು ತೀರಿಹೋದಮೇಲೆ ಅವ್ವ ಹೇಳಿದಳು. ಈಗ ನಿಮ್ಮ ಮೊಮ್ಮಗ ಕುಸ್ತಿ ಕಲಿಯುತ್ತೇನೆಂದು ಹಟ ಹಿಡಿದಿದ್ದಾನೆ. ಬಟ್ಟೆಯನ್ನೂ ಮಡಿಕೆ ಬಿಚ್ಚಿ ನೋಡಿಯೇ ಕೊಳ್ಳುವ ವ್ಯಾಪಾರಿ ನಾನು. ನಿಜ ತಿಳಿಯಲು ಮೊನ್ನೆ ಮಡಕಶಿರಾಕ್ಕೇ ಹೋದೆ.

ಗರಡಿಯ ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಮುದುಕನಿಗೆ ನಿಮ್ಮ ಹೆಸರು ಹೇಳಿದೆ.

"ನಾನೇ ಕಣಪ್ಪ ಮೂಡಲಗಿರಿ! ಮೂರ್ಛೆ ತಿಳಿದು ಎದ್ದು ನೋಡ್ತೀನಿ, ಸೋತೋನು ಇಲ್ಲೇ ಅವ್ನೆ, ಗೆದ್ದೋನು ಓಡೋಗವ್ನೆ!"

ಎದೆಯ ಭಾರ ಇಳಿದು ಅವನೊಡನೆ ನಾನೂ ನಕ್ಕೆ.

"ನಿಮ್ಮಪ್ಪಂಗೆ ಹೇಳು, ಓಡಿದ್ದು ಸಾಕು, ಬಾ ಅಂತ."

ನೀವಿಲ್ಲವೆಂದು ಹೇಳಲು ಮನಸ್ಸಾಗಲಿಲ್ಲ. "ಹೇಳ್ತೀನ್ರಿ" ಎಂದೆ.

ಇವತ್ತು ನಿಮ್ಮ ಮೊಮ್ಮಗನನ್ನು ಅದೇ ಗರಡಿಗೆ ಕಳಿಸಿ, ಹೇಳುತ್ತಿದ್ದೇನೆ.