ಹೆಸರು ತೆಗೆದು ಓದಿದ ಚೀಟಿ

ಬನಹಟ್ಟಿ
೯ ಜನವರಿ ೨೦೨೫

ಪ್ರೀತಿಯ ನೇತ್ರಾ,

ನೀನು, ನಿಮ್ಮ ಯಜಮಾನರು, ಮಗಳು ಎಲ್ಲರೂ ಸುಖವಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಆಮಂತ್ರಣ ಬಂದು ಇಪ್ಪತ್ತು ದಿನವಾಯಿತು. ನೀನು ಎರಡು ಸಲ ಫೋನ್ ಮಾಡಿದೆ, ಎರಡೂ ಸಲ ನಾನು ಕ್ಲಾಸಿನಲ್ಲಿದ್ದೇನೆ ಅಂತ ಸುಳ್ಳು ಹೇಳಿದೆ. ಎರಡನೆಯದು ಭಾನುವಾರ. ಬೈದುಕೊಂಡಿದ್ದರೆ ಸರಿಯಾಗಿಯೇ ಬೈದಿದ್ದೀಯ. ಫೋನಿನಲ್ಲಿ ಹೇಳಹೋದರೆ ನೀನು ಅರ್ಧಕ್ಕೇ ಬಾಯಿ ಹಾಕಿ ಸಮಾಧಾನ ಮಾಡುತ್ತೀಯ, ಅದಕ್ಕೇ ಈ ಕಾಗದ.

ನಿಮ್ಮ ಮುಧೋಳದ ಕಾಲೇಜಿನಲ್ಲೂ ‘ಬಯಲ ಮಾತು’ ಸಭೆ ಶುರು ಮಾಡುತ್ತೀರಿ, ಚೀಟಿ ಪೆಟ್ಟಿಗೆಯನ್ನು ನಾನೇ ಬಂದು ಉದ್ಘಾಟಿಸಬೇಕು, ಆ ಪ್ರಸಿದ್ಧ ಚೀಟಿಯನ್ನು ಇನ್ನೊಮ್ಮೆ ಓದಬೇಕು ಅಂತ ಬರೆದಿದ್ದೀಯ. ಹೇಗೆ ಪ್ರಸಿದ್ಧವಾಯಿತು ಅಂತ ಹೇಳುತ್ತೇನೆ. ಕೇಳಿದ ಮೇಲೆ ಕರೆಯುವ ಮನಸ್ಸಿದ್ದರೆ ನೋಡೋಣ.

ನಮ್ಮಲ್ಲಿ ತಿಂಗಳ ಮೊದಲ ಶನಿವಾರ ಕಾಲೇಜಿನ ದೊಡ್ಡ ಹಾಲಿನ ಬಾಗಿಲನ್ನು ಊರಿಗೆಲ್ಲ ತೆರೆದಿಡುತ್ತೇವೆ. ಮಗ್ಗದ ಸದ್ದಿಗೆ ಕಿವಿ ಕೆಟ್ಟವರ ಬಗ್ಗೆ ಒಂದು ತಿಂಗಳು ಮಾತಾಡಿದೆವು, ಬಸ್‌ಸ್ಟ್ಯಾಂಡಿನಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಬಗ್ಗೆ ಇನ್ನೊಂದು ತಿಂಗಳು. ಶೌಚಾಲಯಕ್ಕೆ ಬಲ್ಬು ಬಂತು, ನೀರು ಇನ್ನೂ ಬರಬೇಕು. ನಾಲ್ಕು ಜನರೆದುರು ನಿಂತು ಹೇಳಲಾಗದವರು ಬರೆದು ಹಾಕಲಿ ಅಂತ ಪೆಟ್ಟಿಗೆ ಇಟ್ಟವಳು ನಾನೇ. ಬರೆದವರ ಹೆಸರು, ಊರು ತೆಗೆದು ಮೈಕಿನಲ್ಲಿ ಓದುವ ಕೆಲಸವೂ ನನ್ನದೇ. ನನ್ನ ದನಿಯ ಬಗ್ಗೆ ನನಗಿದ್ದ ಜಂಬ ನಿನಗೆ ಗೊತ್ತು. ಹಾಸ್ಟೆಲ್ಲಿನ ಊಟದ ಪಟ್ಟಿ ಓದಿದರೂ ಮಂದಿ ಅಳಬೇಕು ನಿನಗೆ ಅಂತ ಚುಡಾಯಿಸುತ್ತಿದ್ದೆಯಲ್ಲ.

ಆಗಸ್ಟಿನ ವಿಷಯ, ಹೆಣ್ಣುಮಕ್ಕಳ ಓದು ಎಲ್ಲಿ ನಿಲ್ಲುತ್ತದೆ ಅನ್ನುವುದು. ಉದ್ಘಾಟನೆಗೆ ಬೀಳಗಿ ಕಡೆಯ ಡೊಳ್ಳಿನ ಮೇಳ ಕರೆಸಿದ್ದೆವು. ಬೀರೇಶ್ವರನ ಒಕ್ಕಲು ಅವರು, ಕುರಿ ಕಾಯುವ ಮನೆತನಗಳು. ಡೊಳ್ಳು ಬಾರಿಸಿದ ಮೇಲೆ ಊಟದ ಹೊತ್ತಿನ ತನಕ ಕೊನೆಯ ಸಾಲಿನಲ್ಲಿ ಕೂತರು. ನಾನು ಚೀಟಿ ಬಿಚ್ಚಿದೆ. ಯಾರದೆಂದು ನನಗೆ ಗೊತ್ತಿರಲಿಲ್ಲ. ಅದರಲ್ಲಿದ್ದದ್ದು ಇಷ್ಟು:

‘ಹೋದ ಸೋಮವಾರ ನನ್ನನ್ನು ಕಂಬಳಿಯ ಮೇಲೆ ಕೂರಿಸಿ ಭಂಡಾರದ ಅರಿಶಿನ ಹಚ್ಚಿದರು. ಹಳೆಯ ಊರು ಹಿನ್ನೀರಿನಲ್ಲಿ ಮುಳುಗುವಾಗ ದೇವರ ಗುಡಿಯಿಂದ ಎತ್ತಿಕೊಂಡು ಬಂದ ಕಂಬಳಿ ಅದು. ದೀಪ ತಾಗಿ ಒಂದು ಮೂಲೆ ಸುಟ್ಟಿದೆ. ಯಾರ ಮದುವೆಯ ಮಾತಾದರೂ ಅದರ ಮೇಲೆಯೇ ಕೂರಿಸುತ್ತಾರೆ. ಆ ತೂತಿನಲ್ಲಿ ಬೆರಳು ಹಾಕಿಕೊಂಡು ಕೂತಿದ್ದೆ, ಬೇಡ ಅನ್ನಲು ಬಾಯಿ ಬರಲಿಲ್ಲ. ನಾನು ಬಿ.ಎ. ಮುಗಿಸಬೇಕು. ಹುಡುಗನ ಮನೆಯವರಿಗೆ ನಾನೇ ಫೋನ್ ಮಾಡಿ ಬೇಡ ಅಂದಿದ್ದೇನೆ. ಅವರು ಹಿಂದೆ ಸರಿಯುತ್ತಿದ್ದಾರೆ. ಯಾಕೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.’

ಹೆಸರು ಓದಲಿಲ್ಲ, ಊರು ಓದಲಿಲ್ಲ. ಕಂಬಳಿಯನ್ನು ಮಾತ್ರ ಪೂರ್ತಿ ಓದಿದೆ. ‘ಬೆರಳು ಹಾಕಿಕೊಂಡು’ ಅನ್ನುವಲ್ಲಿ ಸ್ವಲ್ಪ ನಿಂತೆ ಕೂಡ. ಸೀರೆಯ ದಡಿ ನೋಡಿ ಇದು ಯಾವ ಓಣಿಯ ಮಗ್ಗದ್ದು ಅಂತ ಹೇಳುವ ನೇಕಾರರ ಮನೆಯಲ್ಲಿ ಹುಟ್ಟಿದವಳು ನಾನು. ಒಂದು ಕಂಬಳಿಗೂ ಊರಿರುತ್ತದೆ, ಮನೆತನವಿರುತ್ತದೆ ಅನ್ನುವುದು ನನಗೇ ಹೊಳೆಯಲಿಲ್ಲ ನೋಡು. ಮುಗಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅತಿಥಿಗಳು ಕಣ್ಣೊರೆಸಿಕೊಂಡರು.

ಹೊರಗೆ ಬಂದಾಗ ಮೇಳದಲ್ಲಿ ಒಬ್ಬ, ಸಿದರಾಯ ಅಂತ, ರುಮಾಲು ಸರಿಮಾಡಿಕೊಳ್ಳುತ್ತ ಎದುರಿಗೆ ಬಂದ.

“ಮೇಡಮ್ಮರ, ಆ ಚೀಟಿ ಯಾರ ಬರದಾರ್ರಿ?”

“ಹೆಸರ ಹೇಳಂಗಿಲ್ರಿ ಕಾಕಾ, ನಿಯಮ ಐತಿ.”

“ಹೆಸರೇನ ಬ್ಯಾಡ ಬಿಡ್ರಿ,” ಅಂದ. ಡೊಳ್ಳು ಹೆಗಲಿಗೇರಿಸಿಕೊಂಡು ಗೇಟಿನ ಕಡೆ ಹೊರಟ. ಹಿಂದೆಯೇ ಉಳಿದವರೂ ಹೊರಟರು. ಅವರಿಗಾಗಿ ಮಾಡಿಸಿದ್ದ ಊಟ ಹಾಗೇ ಉಳಿಯಿತು.

ಸೋಮವಾರ ಎರಡನೆಯ ವರ್ಷದ ಹಾಜರಿ ಕರೆಯುವಾಗ ಬೀಳಗಿ ಕಡೆಯ ಹುಡುಗಿ ಮಾಯವ್ವ ಇರಲಿಲ್ಲ. ಮಂಗಳವಾರವೂ ಇಲ್ಲ. ಮುಂದಿನ ವಾರ ಅವಳ ಗೆಳತಿ ಸ್ಟಾಫ್‌ರೂಮಿಗೆ ಬಂದು ನೆಲ ನೋಡುತ್ತ, “ಮಾಯವ್ವನ ಮದುವಿ ಆತ್ರಿ ಮೇಡಮ್. ಜತ್ತದ ಕಡೆ ಕೊಟ್ಟಾರ. ಇವ ಬ್ಯಾರೆ ವರ ರಿ,” ಅಂದಳು. ಬೇರೆ ವರ ಅಂದರೆ, ಮೊದಲಿನವನಿಗಿಂತ ಹನ್ನೆರಡು ವರ್ಷ ದೊಡ್ಡವನು. ಸಿದರಾಯ ಅವಳ ಸ್ವಂತ ಕಾಕಾ, ಅಪ್ಪನ ತಮ್ಮ. ಠಾಣೆಗೆ ಹೋದೆ. ಹತ್ತೊಂಬತ್ತು ತುಂಬಿದೆ, ಹುಡುಗಿಯೇ ಬಂದು ದೂರು ಕೊಡಲಿ ಅಂದರು. ಅವಳ ಫೋನು ಇವತ್ತಿಗೂ ಸ್ವಿಚ್ ಆಫ್.

ದಸರಾ ರಜೆಯಲ್ಲಿ ಅವಳ ಊರಿಗೆ ಹೋಗಿದ್ದೆ. ಅನಗವಾಡಿಯಲ್ಲಿ ಬಸ್ಸಿಳಿದು ಆಟೋದಲ್ಲಿ ಒಳಗೆ ಹೋಗಬೇಕು, ಸಾಲುಸಾಲು ಪುನರ್ವಸತಿ ಮನೆಗಳು. ಮನೆಯಲ್ಲಿದ್ದವಳು ಅಜ್ಜಿ ಬೋರವ್ವ ಒಬ್ಬಳೇ. ಕಾಲೇಜಿನ ಮೇಡಮ್ ಅಂದ ಕೂಡಲೇ ಒಳಗೆ ಹೋಗಿ ಕಂಬಳಿ ತಂದು ಕಟ್ಟೆಯ ಮೇಲೆ ಹಾಸಿದಳು. ಮೂಲೆ ಸುಟ್ಟಿತ್ತು.

“ಕುಂದರ್ರಿ ಯವ್ವಾ. ದೊಡ್ಡವರು ಬಂದಾಗ ಇದನ್ನ ಹಾಸ್ತೇವಿ,” ಅಂದಳು.

ಕೂತೆ, ನೇತ್ರಾ. ಏನು ಮಾಡಲಿ. ನೀರು ಕೊಟ್ಟಳು, ಚಹಾ ಕೊಟ್ಟಳು. ಮಾಯವ್ವ ಹೇಗಿದ್ದಾಳೆ ಅಂತ ಕೇಳಿದೆ.

“ಅದಾಳ್ರಿ,” ಅಂದಳು. ಚಹಾದ ಕಪ್ಪು ಎತ್ತಿಕೊಳ್ಳುತ್ತ, “ಆವತ್ತ ಮಂದಿ ಮುಂದ ಓದಿದವರು ನೀವ ಏನ್ರಿ?” ಅಂದಳು.

ಹೌದು ಅಂದೆ.

“ಭಾಳ ಛಲೋ ಓದಿದ್ರಂತ. ಸಿದರಾಯ ಹೇಳಿದಾ.”

ಅದರಲ್ಲಿ ಕೊಂಕಿರಲಿಲ್ಲ ಅನ್ನುವುದೇ ನನ್ನನ್ನು ತಿನ್ನುತ್ತಿದೆ. ಕೊಂಕಿದ್ದರೆ ನಾನೂ ನಾಲ್ಕು ಮಾತಾಡಿ, ಅತ್ತು, ಕೈ ಮುಗಿದು ಬರಬಹುದಿತ್ತು. ಏಳುವಾಗ ನೋಡಿದರೆ ನನ್ನ ಬೆರಳು ಆ ತೂತಿನಲ್ಲಿತ್ತು. ಯಾವಾಗ ಹೋಯಿತೋ ತಿಳಿಯದು.

ಆ ಓದನ್ನು ಯಾರೋ ವಿಡಿಯೋ ಮಾಡಿದ್ದರಲ್ಲ, ನೀನು ನೋಡಿ ಮೆಚ್ಚಿದ್ದೂ ಅದನ್ನೇ. ಈಗ ಅದಕ್ಕೆ ಕೊಳಲಿನ ಸಂಗೀತ ಬೇರೆ ಹಾಕಿದ್ದಾರೆ. ತಿಂಗಳಿಗೊಮ್ಮೆ ಯಾವುದಾದರೂ ಗುಂಪಿನಿಂದ ನನ್ನ ಫೋನಿಗೇ ವಾಪಸ್ ಬರುತ್ತದೆ, ಕೆಳಗೆ ಕೈಮುಗಿದ ಚಿತ್ರಗಳು. ಕೊನೆಗೆ ಕ್ಯಾಮೆರಾ ಜನರ ಕಡೆ ತಿರುಗುತ್ತದೆ. ಮೂರನೆಯ ಸಾಲಿನ ತುದಿಯಲ್ಲಿ ಮಾಯವ್ವ ಇದ್ದಾಳೆ. ಎಲ್ಲರ ಜೊತೆ ಅವಳೂ ಚಪ್ಪಾಳೆ ಹೊಡೆಯುತ್ತಿದ್ದಾಳೆ. ಹೊಡೆಯದೆ ಕೂತರೆ ಗೊತ್ತಾಗಿಬಿಡುತ್ತದಲ್ಲ.

ಹಾಜರಿ ಕರೆಯುವಾಗ, ಪಾಠ ಓದುವಾಗ, ಮನೆಯಲ್ಲಿ ಔಷಧದ ಚೀಟಿ ಓದಿಹೇಳುವಾಗ ನನ್ನ ಬಾಯಲ್ಲಿ ಆವತ್ತಿನ ದನಿಯೇ ಬರುತ್ತದೆ. ನಿಲ್ಲಿಸಿಬಿಡುತ್ತೇನೆ. ಮಕ್ಕಳು, ಮೇಡಮ್ಮಿಗೆ ಗಂಟಲು ಸರಿಯಿಲ್ಲ ಅಂದುಕೊಂಡಿದ್ದಾರೆ. ಇಲ್ಲಿಯ ಪೆಟ್ಟಿಗೆಯನ್ನು ನಾನು ತೆಗೆಸಿಲ್ಲ, ತೆಗೆದರೆ ಯಾಕೆಂದು ಹೇಳಬೇಕಾಗುತ್ತದೆ. ಆದರೆ ಅದರ ಬಳಿ ಹೋಗಲು ಭಯ. ನಿನ್ನ ಕಾಲೇಜಿನಲ್ಲಿ ಸಭೆ ಮಾಡು, ಖಂಡಿತ ಮಾಡು, ಊರ ಮಂದಿಯನ್ನು ಕರೆ. ಪೆಟ್ಟಿಗೆ ಮಾತ್ರ ಇಡಬೇಡ. ಇಟ್ಟರೂ ಓದಲು ನನ್ನನ್ನು ಕರೆಯಬೇಡ.

ನಿನ್ನ ಮಗಳಿಗೆ ನನ್ನ ಆಶೀರ್ವಾದ. ಎಷ್ಟು ಓದಬೇಕು ಅನ್ನಿಸುತ್ತದೋ ಅಷ್ಟು ಓದಲಿ, ಅವಳು ಯಾರಿಗಾದರೂ ಒಂದು ಮಾತು ನಂಬಿ ಹೇಳಿದರೆ ಅದು ಅಲ್ಲೇ ಉಳಿಯಲಿ. ಯಜಮಾನರಿಗೆ ನಮಸ್ಕಾರ ತಿಳಿಸು.

ನಿನ್ನವಳೇ,
ವೈಶಾಲಿ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಚೀಟಿ ಯಾರದೆಂದು ನನಗೆ ಗೊತ್ತಿರಲಿಲ್ಲ ಅಂತ ಮೇಲೆ ಬರೆದಿದ್ದೇನೆ. ಪ್ರಿನ್ಸಿಪಾಲರಿಗೂ ಹಾಗೇ ಹೇಳಿದ್ದೇನೆ. ಆ ದಿನ ಬೆಳಿಗ್ಗೆ ಸಭೆಗೆ ಮುಂಚೆ ಮಾಯವ್ವ ಸ್ಟಾಫ್‌ರೂಮಿನ ಬಾಗಿಲಿಗೆ ಬಂದಿದ್ದಳು. “ಮೇಡಮ್, ನನ್ನ ಚೀಟಿ ಹೊಳ್ಳಿ ಕೊಡ್ರಿ. ಡೊಳ್ಳಿನವರ ಸಂಗಾಟ ನಮ್ಮ ಕಾಕಾ ಬಂದಾನ,” ಅಂದಳು. ವಾಪಸ್ ಕೊಡಲು ಚೀಟಿ ನನ್ನ ಪರ್ಸಿನಲ್ಲೇ ಇತ್ತು. ಉಳಿದ ಚೀಟಿಗಳೆಲ್ಲ ಪಠ್ಯಪುಸ್ತಕ ನೋಡಿ ಬರೆದಂಥವು, ಇದೊಂದನ್ನು ಮನೆಯಲ್ಲಿ ಕನ್ನಡಿಯ ಮುಂದೆ ಮೂರು ಸಲ ಓದಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ. “ಹೆಸರ ಓದಂಗಿಲ್ಲವ್ವಾ, ಅಂಜಬ್ಯಾಡ,” ಅಂದೆ. ಅವಳು “ಹೂಂ ರಿ” ಅಂತ ಹೇಳಿ ಹಾಲಿಗೆ ಹೋಗಿ ಕೂತಳು.